ಕಾಡಿನ ಲೆಕ್ಕಕ್ಕೆ ಮಿಲ್ಲು: ಕಾರ್ಯಯೋಜನೆ ಬರೆದ ನನ್ನ ಅನುಭವ

ಸಾರ್ವಜನಿಕ ಕಾಡಿನಲ್ಲಿ ಯಾವ ಮರ, ಎಷ್ಟು, ಯಾವಾಗ ಕಡಿಯಬಹುದು ಎಂದು ನಿಗದಿ ಮಾಡುವ ಕಾರ್ಯಯೋಜನೆಯನ್ನು ಬರೆಯುವ ಕೆಲಸ ನನ್ನ ಕೈಗೆ ಬಂದಾಗ ಮೇಜಿನ ಮೇಲೆ ಆಗಲೇ ಒಂದು ಸಂಖ್ಯೆ ಕೂತಿತ್ತು: ಸುತ್ತಲಿನ ಮಿಲ್ಲುಗಳಿಗೆ ವರ್ಷಕ್ಕೆ ಬೇಕಾಗುವ ದಿಮ್ಮಿಗಳ ಒಟ್ಟು ಗಾತ್ರ. ಅಷ್ಟನ್ನು ಹೇಗಾದರೂ ಕಾಡಿನಿಂದ ಹೊಂದಿಸಿಕೊಡಬೇಕು ಎಂಬುದು ಎಲ್ಲರ ನಿರೀಕ್ಷೆ. ನಾನು ಆ ಹಾಳೆಯನ್ನು ಬದಿಗಿಟ್ಟೆ. ಮಿಲ್ಲಿನವರ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಮರದ ಉದ್ಯಮ ಬೆಳೆಯಬೇಕೆಂದು ಮನಸಾರೆ ಬಯಸುವವನು ನಾನು. ಉಕ್ಕು, ಸಿಮೆಂಟು ಮುಗಿದರೆ ಮುಗಿಯಿತು. ಮರ ಮತ್ತೆ ಹುಟ್ಟುತ್ತದೆ. ಆದರೆ ಅದು ಎಷ್ಟು ವರ್ಷಕ್ಕೆ, ಯಾವ ಜಾಗದಲ್ಲಿ, ಎಷ್ಟು ಹುಟ್ಟುತ್ತದೆ ಎಂಬುದನ್ನು ಮೊದಲು ಕಾಡಿನಲ್ಲೇ ಎಣಿಸಬೇಕು. ಮಿಲ್ಲು ಎಷ್ಟು ದೊಡ್ಡದಿರಬೇಕು ಎಂಬುದು ಆಮೇಲಿನ ಮಾತು.

ಹಾಗಾಗಿ ಎಣಿಕೆಯಿಂದಲೇ ಶುರುಮಾಡಿದೆವು. ನಕ್ಷೆಯ ಮೇಲೆ ಸಮ ಅಂತರದಲ್ಲಿ ಮಾದರಿ ತಾಕುಗಳನ್ನು ಗುರುತಿಸಿ, ಪ್ರತಿ ತಾಕಿನಲ್ಲೂ ಮರದ ಜಾತಿ, ಎದೆಮಟ್ಟದ ಸುತ್ತಳತೆ, ಕಾಂಡ ನೇರವಿದೆಯೇ, ಬುಡ ಟೊಳ್ಳಾಗಿದೆಯೇ ಎಂದು ಬರೆದುಕೊಂಡೆವು. ತಂಡದ ಹುಡುಗರಿಗೆ ನಾನು ಒತ್ತಿ ಒತ್ತಿ ಹೇಳಿದ್ದು ಒಂದೇ: ದೊಡ್ಡ ಮರ ಯಾರ ಕಣ್ಣಿಗೂ ಬೀಳುತ್ತದೆ, ನೀವು ನಡುಗಾತ್ರದವನ್ನು ನೋಡಿ. ನಾನಾ ವಯಸ್ಸಿನ ಮರಗಳು ಕೂಡಿ ಬೆಳೆದ ಆರೋಗ್ಯವಂತ ಕಾಡಿನಲ್ಲಿ ಸಸಿಗಳು ಅಸಂಖ್ಯ, ಎಳೆಮರಗಳು ಅದಕ್ಕಿಂತ ಕಡಿಮೆ, ನಡುಗಾತ್ರದವು ಇನ್ನೂ ಕಡಿಮೆ, ದೊಡ್ಡವು ಕೆಲವೇ ಇರುತ್ತವೆ. ನಮ್ಮ ಪಟ್ಟಿಯಲ್ಲಿ ಬೆಲೆಬಾಳುವ ಎರಡು ಜಾತಿಗಳ ಲೆಕ್ಕ ಬೇರೆಯೇ ಇತ್ತು. ದೊಡ್ಡ ಮರಗಳು ಧಾರಾಳ, ಸಸಿಗಳೂ ಧಾರಾಳ, ನಡುವೆ ಬರೀ ಖಾಲಿ. ಹಿಂದೆ ಪದೇಪದೇ ಬಿದ್ದ ಬೆಂಕಿ ಒಂದು ತಲೆಮಾರಿನ ಎಳೆಮರಗಳನ್ನೇ ನುಂಗಿಹಾಕಿತ್ತು.

ಒಟ್ಟು ಗಾತ್ರವನ್ನಷ್ಟೇ ನೋಡಿದ್ದರೆ ಈ ಕಾಡು ಶ್ರೀಮಂತ. ಇವತ್ತಿನ ದೊಡ್ಡ ಮರಗಳನ್ನು ಕಡಿದರೆ ಆ ಜಾಗಕ್ಕೆ ಬರುವ ಮರವೇ ದಶಕಗಟ್ಟಲೆ ಇಲ್ಲ ಎಂಬುದು ಒಟ್ಟು ಮೊತ್ತದಲ್ಲಿ ಎಲ್ಲೂ ಕಾಣುವುದಿಲ್ಲ.

ಈ ತೊಡಕಿಗೆ ನಾನು ಹಿಡಿದ ದಾರಿ ಹಳೆಯದು. 1856ರಲ್ಲಿ ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡುಗಳ ಮೇಲ್ವಿಚಾರಣೆಗೆ ಬಂದ ಡೀಟ್ರಿಕ್ ಬ್ರಾಂಡಿಸ್ ಮರಗಳನ್ನು ಸುತ್ತಳತೆಯ ಮೇಲೆ ವರ್ಗ ಮಾಡಿ ಎಣಿಸಿದ. ಆರು ಅಡಿ ಸುತ್ತಳತೆಗೆ ಮೇಲ್ಪಟ್ಟವು ಮೊದಲ ವರ್ಗ. ಅದರ ಕೆಳಗಿನ ವರ್ಗದ ಮರಗಳು ಬೆಳೆದು ಮೇಲಿನ ವರ್ಗಕ್ಕೆ ಏರಲು ಎಷ್ಟು ವರ್ಷ ಬೇಕು ಎಂದು ಅಂದಾಜು ಮಾಡಿ, ಅಷ್ಟು ವರ್ಷಗಳಿಗೆ ಮೊದಲ ವರ್ಗದ ಮರಗಳನ್ನು ಹಂಚಿದ. ವರ್ಷಕ್ಕೆ ಎಷ್ಟು ಮರ ಕೆಳಗಿನಿಂದ ಮೇಲೇರುತ್ತದೋ ಅಷ್ಟಕ್ಕೇ ಕೊಡಲಿ ಬೀಳಬೇಕು. ಮರದ ವ್ಯಾಪಾರಿಗಳು ಆಗಲೂ ಅದನ್ನು ವಿರೋಧಿಸಿದ್ದರು. ಬ್ರಾಂಡಿಸ್ ಮುಂದೆ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಇವತ್ತು ನಮ್ಮ ಕೈಯಲ್ಲಿ ಉಪಗ್ರಹದ ಚಿತ್ರವಿದೆ, ಕಂಪ್ಯೂಟರಿದೆ. ಆದರೂ ಕೊನೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ: ಕೆಳಗಿನಿಂದ ಎಷ್ಟು ಬರುತ್ತಿದೆ?

ಆ ಲೆಕ್ಕದಿಂದ ನಡುವರ್ಗ ಖಾಲಿಯಿದ್ದ ಎರಡು ಜಾತಿಗಳಲ್ಲಿ ಒಂದು ಕಡಿತಲೆಯ ಪಟ್ಟಿಯಿಂದಲೇ ಹೊರಗೆ ಹೋಯಿತು, ಇನ್ನೊಂದರ ಪಾಲು ತೀರಾ ಇಳಿಯಿತು. ಆಮೇಲೆ ಹಳ್ಳದ ಎರಡೂ ದಂಡೆ, ಕಡಿದಾದ ಇಳಿಜಾರು, ಜೌಗು ನೆಲ ಇವನ್ನೆಲ್ಲ ಕಡಿತಲೆಯ ವಿಸ್ತೀರ್ಣದಿಂದ ಕಳೆದೆ. ಬೀಜಕ್ಕೆಂದು ಪ್ರತಿ ಕೂಪಿನಲ್ಲೂ (ಕಡಿಯಲು ಗೊತ್ತುಮಾಡಿದ ಕಾಡಿನ ತುಂಡಿನಲ್ಲೂ) ಒಳ್ಳೆಯ ತಾಯಿಮರಗಳನ್ನು ಬಿಟ್ಟೆ. ಒಳ್ಳೆಯ ಎಂಬ ಮಾತಿಗೆ ಒತ್ತು ಕೊಡಬೇಕು. ವಕ್ರ ಮರವನ್ನು ಬಿಟ್ಟು ನೇರ ಮರವನ್ನೆಲ್ಲ ಕಡಿಯುತ್ತಾ ಹೋದರೆ ಮುಂದಿನ ಬೀಜವೂ ವಕ್ರ ಮರದ್ದೇ. ಟೊಳ್ಳು ಮರಗಳನ್ನು ಬೇರೆಯಾಗಿಯೇ ಉಳಿಸಿದೆ. ಮಿಲ್ಲಿಗೆ ಅವು ಸೌದೆ, ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗೆ ಅವೇ ಮನೆ. ಇಷ್ಟೆಲ್ಲ ಕಳೆದ ಮೇಲೆ ಉಳಿದ ಸಂಖ್ಯೆ ಮಿಲ್ಲುಗಳ ಬೇಡಿಕೆಯ ಹತ್ತಿರಕ್ಕೂ ಬರಲಿಲ್ಲ.

ಆ ಸಂಖ್ಯೆಯನ್ನು ಮಿಲ್ಲಿನವರ ಮುಂದಿಟ್ಟ ಸಭೆಯಲ್ಲಿ ಒಬ್ಬರು ಎದ್ದು ನಿಂತರು. "ಕಾಡು ತುಂಬ ಮರ ಇದೆ ಸಾರ್. ಹೋದ ಸಲ ಇದರ ಎರಡರಷ್ಟು ಕೊಟ್ಟಿದ್ದೀರಿ. ಕಾಡೇನು ಅರ್ಧಕ್ಕರ್ಧ ಸತ್ತುಹೋಯಿತೇ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಬಿಡಿಸಿ ಹೇಳಬೇಕಾಯಿತು. ಹಳೆಯ ಕಾಡಿಗೆ ಮೊದಲ ಸಲ ಕೊಡಲಿ ಹಾಕಿದಾಗ ಸಿಗುವುದು ನೂರಾರು ವರ್ಷಗಳ ಕೂಡಿಟ್ಟ ಗಂಟು. ಎರಡನೇ ಸಲ ಸಿಗುವುದು ನಡುವಿನ ಇಪ್ಪತ್ತೈದೋ ಮೂವತ್ತೋ ವರ್ಷಗಳ ಬೆಳೆ ಮಾತ್ರ. ಉಷ್ಣವಲಯದ ಕಾಡುಗಳಲ್ಲಿ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದನ್ನೇ ಹೇಳುತ್ತದೆ: ಆಯ್ದು ಕಡಿದ ಕಾಡು ತನ್ನ ಜೀವಸಂಕುಲದ ಬಹುಪಾಲನ್ನೂ ಇಂಗಾಲದ ಸುಮಾರು ಶೇಕಡಾ 76ರಷ್ಟನ್ನೂ ಉಳಿಸಿಕೊಳ್ಳುತ್ತದೆ, ದಿಮ್ಮಿಯ ಇಳುವರಿ ಮಾತ್ರ ಮೊದಲ ಕಡಿತಲೆಯ ನಂತರ ಸುಮಾರು ಶೇಕಡಾ 46ರಷ್ಟು ಇಳಿದು ಆ ಮಟ್ಟದಲ್ಲಿ ನಿಲ್ಲುತ್ತದೆ. ಮಿಲ್ಲಿನವರ ನಿಜವಾದ ಕಷ್ಟ ಇಲ್ಲಿದೆ. ಮೊದಲ ಕಡಿತಲೆಯ ಸಮೃದ್ಧಿಯನ್ನು ನೋಡಿ ಯಂತ್ರ ಹಾಕುತ್ತಾರೆ, ಸಾಲ ಮಾಡುತ್ತಾರೆ, ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಇಳುವರಿ ಸಹಜವಾಗಿ ಇಳಿದ ದಿನ ಆ ಸಾಲ, ಆ ಕೆಲಸಗಳೇ ಕಾಡಿನ ಮೇಲೆ ಒತ್ತಡವಾಗಿ ತಿರುಗುತ್ತವೆ. ಆಮೇಲೆ ಯಾವ ಅಧಿಕಾರಿಗೂ ಬೇಡ ಎನ್ನುವ ಧೈರ್ಯ ಬರುವುದಿಲ್ಲ. ಅದಕ್ಕೇ ಮಿಲ್ಲಿನ ಹೊಸ ಗರಗಸಕ್ಕೆ ಅನುಮತಿ ಕೊಡುವ ಮೇಜು ಮತ್ತು ಇಳುವರಿ ನಿಗದಿ ಮಾಡುವ ಮೇಜು ಒಂದೇ ಆಗಿರಬೇಕು ಎಂದು ನಾನು ಹಟ ಹಿಡಿದದ್ದು. ಮಿಲ್ಲುಗಳ ಒಟ್ಟು ಸಾಮರ್ಥ್ಯಕ್ಕೆ ಮಿತಿ ಹಾಕದೆ ಕಾಡಿಗೆ ಮಾತ್ರ ಮಿತಿ ಹಾಕಿದರೆ, ಆ ಮಿತಿ ಮುರಿಯುವುದಕ್ಕೇ ಇಟ್ಟಂತೆ.

ಹಾಗೆಂದು ಕಡಿಮೆ ದಿಮ್ಮಿ ಎಂದರೆ ಕಡಿಮೆ ಉದ್ಯಮ ಎಂದೇನೂ ಇಲ್ಲ. ಇದನ್ನು ಮಿಲ್ಲಿನೊಳಗೇ ನಿಂತು ತೋರಿಸಬೇಕಾಯಿತು. 300 ಮಿಲಿಮೀಟರ್ ದಪ್ಪದ ತೊಲೆಯಿಂದ 25 ಮಿಲಿಮೀಟರಿನ ಹಲಗೆ ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಗರಗಸ ಒಮ್ಮೆ ಹಾಯ್ದರೆ 5 ಮಿಲಿಮೀಟರ್ ಹೊಟ್ಟಾಗುತ್ತದೆ ಎಂದಾದರೆ ಹತ್ತು ಹಲಗೆ, ಒಂಬತ್ತು ಸೀಳು, 295ಕ್ಕೆ ಮುಗಿಯಿತು. ತೆಳು ಬ್ಯಾಂಡ್ ಗರಗಸ ಹಾಕಿ ಸೀಳು 2 ಮಿಲಿಮೀಟರಿಗೆ ಇಳಿದರೆ ಹನ್ನೊಂದು ಹಲಗೆ, ಹತ್ತು ಸೀಳು. ಆಗಲೂ ಅದೇ 295. ಅದೇ ತೊಲೆ, ಒಂದು ಹಲಗೆ ಹೆಚ್ಚು. ನಾನು ನೋಡಿದ ಒಂದು ಮಿಲ್ಲಿನಲ್ಲಿ ಹಳೆಯ ವೃತ್ತ ಗರಗಸದ ಹಲ್ಲುಗಳು ಒಂದೇ ಸಮ ಇರಲಿಲ್ಲ. ಹಲಗೆಯ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಅದನ್ನು ಸರಿಮಾಡಲು ರಂದಾ ಹೊಡೆದು ಇನ್ನಷ್ಟು ಹೊಟ್ಟು. ಗರಗಸಕ್ಕೆ ಸಾಣೆ ಹಿಡಿಯುವ ಒಬ್ಬ ಪಳಗಿದ ಕೆಲಸಗಾರನನ್ನು ಇಟ್ಟುಕೊಳ್ಳಿ ಎಂದೆ. ಹೊಸ ಕೂಪು ಕೇಳಿ ಅರ್ಜಿ ಹಾಕುವುದಕ್ಕಿಂತ ಅದು ಅಗ್ಗ ಎಂದು ಅವರಿಗೂ ಮನವರಿಕೆಯಾಯಿತು. ಹಸಿ ಹಲಗೆಯನ್ನು ಹಾಗೇ ಮಾರುವುದನ್ನು ಬಿಟ್ಟು, ನಡುವೆ ಗಾಳಿಯಾಡಲು ಮರದ ಪಟ್ಟಿ ಕೊಟ್ಟು ಪೇರಿಸಿ ನೆರಳಲ್ಲಿ ಒಣಗಿಸಿ ಮಾರಿದರೆ ಬಿರುಕು, ಸೊಟ್ಟ ಕಡಿಮೆಯಾಗಿ ಅದೇ ಮರಕ್ಕೆ ಹೆಚ್ಚು ಬೆಲೆ ಬರುತ್ತದೆ. ಉದ್ಯಮದ ಬೆಳವಣಿಗೆಯನ್ನು ನಾನು ಅಳೆಯುವುದು ಹೀಗೆ: ಒಂದು ಘನಮೀಟರ್ ದಿಮ್ಮಿಯಿಂದ ಎಷ್ಟು ಕೆಲಸ, ಎಷ್ಟು ಮೌಲ್ಯ ಹುಟ್ಟಿತು ಎಂಬುದರಿಂದ.

ಕಡಿದ ದಿಮ್ಮಿಗಳನ್ನು ಅಳೆದು ಮಾರುವ ಡಿಪೋದಲ್ಲಿ ಇನ್ನೊಂದು ತೂತು ಸಿಕ್ಕಿತು. ಕಾರ್ಯಯೋಜನೆಯ ಇಳುವರಿ ನಿಜವಾದ ಘನಗಾತ್ರದಲ್ಲಿತ್ತು. ಡಿಪೋದ ಪುಸ್ತಕ ಕಾಲುಸುತ್ತಳತೆಯ ಲೆಕ್ಕದಲ್ಲಿತ್ತು. ಅಂದರೆ ಸುತ್ತಳತೆಯ ನಾಲ್ಕನೇ ಒಂದು ಭಾಗದ ವರ್ಗವನ್ನು ಉದ್ದದಿಂದ ಗುಣಿಸುವುದು. 1.6 ಮೀಟರ್ ಸುತ್ತಳತೆ, 3 ಮೀಟರ್ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 0.48 ಘನಮೀಟರ್. ಅದನ್ನು ದುಂಡು ಮರವಾಗಿಯೇ ಅಳೆದರೆ 0.61. ಚೌಕ ಮಾಡುವಾಗ ಹೋಗುವ ಅಂಚನ್ನು ಖರೀದಿದಾರನ ಪರವಾಗಿ ಮೊದಲೇ ಬಿಟ್ಟುಕೊಡುವ ಹಳೆಯ ಪದ್ಧತಿ ಇದು. ವ್ಯಾಪಾರಕ್ಕೆ ಇರಲಿ, ತೊಂದರೆಯಿಲ್ಲ. ಆದರೆ ಯೋಜನೆಯಲ್ಲಿ 100 ಘನಮೀಟರ್ ಎಂದು ಬರೆದು, ಡಿಪೋದಲ್ಲಿ ಈ ಲೆಕ್ಕದ 100 ತುಂಬುವವರೆಗೆ ಕಡಿಯುತ್ತಾ ಹೋದರೆ ಕಾಡಿನಿಂದ ನಿಜವಾಗಿ ಹೋಗುವುದು 127. ಯಾರೂ ಕದಿಯುತ್ತಿರಲಿಲ್ಲ. ಎರಡು ಕಚೇರಿಗಳು ಎರಡು ಅಳತೆ ಹಿಡಿದಿದ್ದವು, ಅಷ್ಟೇ. ಇಳುವರಿಯ ರಿಜಿಸ್ಟರಿನಲ್ಲಿ ನಿಜ ಗಾತ್ರದ ಒಂದು ಅಂಕಣ ಸೇರಿಸಿದೆವು. ಇಡೀ ಯೋಜನೆಯಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ ಸುಧಾರಣೆ ಇನ್ನೊಂದಿಲ್ಲ.

ಕಡಿತಲೆಯ ಹಂತದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಟ್ಟದ್ದು ಗುರುತು ಹಾಕುವ ಕೆಲಸಕ್ಕೆ. ಪ್ರತಿ ಮರಕ್ಕೂ ಎರಡು ಗುರುತು: ಎದೆಮಟ್ಟದಲ್ಲಿ ಒಂದು, ನೆಲಕ್ಕೆ ತಾಗಿದಂತೆ ಬುಡದಲ್ಲಿ ಇನ್ನೊಂದು. ತೊಗಟೆಯನ್ನು ಸವರಿ, ಸುತ್ತಿಗೆಯ ಮುದ್ರೆ ಒತ್ತಿ, ನಂಬರು ಹಾಕಬೇಕು. ಮರ ಉರುಳಿದ ಮೇಲೆ ಮೇಲಿನ ಗುರುತು ದಿಮ್ಮಿಯ ಜೊತೆ ಹೊರಟುಹೋಗುತ್ತದೆ, ಬುಡದ್ದು ಕೊರಡಿನಲ್ಲಿ ಉಳಿಯುತ್ತದೆ. ಮುದ್ರೆಯಿಲ್ಲದ ಕೊರಡು ಸಿಕ್ಕರೆ ಅದು ಪಟ್ಟಿಯಲ್ಲಿಲ್ಲದ ಮರ. ಗುರುತು ಹಾಕುವಾಗ ಮರವನ್ನು ಸುತ್ತಿ ನೋಡಿ, ಅದು ಯಾವ ದಿಕ್ಕಿಗೆ ಬೀಳಬೇಕು ಎಂದು ಬಾಣದ ಗುರುತನ್ನೂ ಬಳಿಯುತ್ತಿದ್ದೆವು. ಕೆಳಗೆ ಎಳೆಮರಗಳ ಗುಂಪಿದ್ದರೆ ಅತ್ತ ಬೀಳಬಾರದು. ಮರದಿಂದ ಮರಕ್ಕೆ ಹೆಣೆದುಕೊಂಡ ದಪ್ಪ ಬಳ್ಳಿಗಳನ್ನು ಸಾಕಷ್ಟು ತಿಂಗಳ ಮೊದಲೇ ಕಡಿದು ಒಣಗಲು ಬಿಟ್ಟೆವು. ಹಸಿ ಬಳ್ಳಿಯಿದ್ದರೆ ಒಂದು ಮರ ಬೀಳುವಾಗ ನೆರೆಯ ಎರಡು ಮೂರನ್ನು ಜೊತೆಗೇ ಎಳೆದುಕೊಂಡು ಬೀಳುತ್ತದೆ. ದಿಮ್ಮಿ ಎಳೆಯುವ ದಾರಿಯನ್ನು ನಕ್ಷೆಯಲ್ಲೇ ಹಾಕಿ, ಅದರಾಚೆ ಟ್ರಾಕ್ಟರ್ ಇಳಿಸಬಾರದು, ಮಳೆ ಬಂದ ದಿನ ಕೆಲಸ ನಿಲ್ಲಿಸಬೇಕು ಎಂದು ಗುತ್ತಿಗೆಯ ಷರತ್ತಿನಲ್ಲೇ ಬರೆಸಿದೆ. ಕಡಿದ ಮರಗಳ ಲೆಕ್ಕವನ್ನೇ ನೋಡುವವರಿಗೆ ಇವು ಸಣ್ಣ ವಿಷಯ. ಮೂವತ್ತು ವರ್ಷದ ನಂತರದ ಇಳುವರಿ ಎಂದರೆ ಇವತ್ತು ಮುರಿಯದೆ ಉಳಿದ ಆ ಎಳೆಮರಗಳೇ.

ಮಾರಾಟದಲ್ಲಿ ಒಂದೇ ಬದಲಾವಣೆ. ಎಲ್ಲವನ್ನೂ ಹರಾಜಿಗೆ ಹಾಕುವ ಬದಲು ಒಂದು ಪಾಲನ್ನು ಹಲವು ವರ್ಷಗಳ ಒಪ್ಪಂದದ ಮೇಲೆ, ಮಾರುಕಟ್ಟೆ ದರಕ್ಕೆ ಹೊಂದಿಸಿಕೊಳ್ಳುವ ಬೆಲೆಯಲ್ಲಿ, ಸಣ್ಣ ಮಿಲ್ಲುಗಳಿಗೆ ಮೀಸಲಿಟ್ಟೆವು. ಮುಂದಿನ ವರ್ಷವೂ ಇಷ್ಟು ಬರುತ್ತದೆ ಎಂದು ಗೊತ್ತಿದ್ದವನು ಮಾತ್ರ ಒಳ್ಳೆಯ ಗರಗಸಕ್ಕೆ ದುಡ್ಡು ಹಾಕುತ್ತಾನೆ. ಉಳಿದ ಬೇಡಿಕೆಗೆ ಖಾಸಗಿ ಜಮೀನಿನಲ್ಲಿ ಬೆಳೆಸಿದ ಮರದ ಕಡೆಗೆ ತಿರುಗಿ ಎಂದೆವು. ಪ್ಯಾಕಿಂಗ್ ಪೆಟ್ಟಿಗೆಗೆ, ಪ್ಲೈವುಡ್ಡಿನ ಒಳಪದರಕ್ಕೆ ಶತಮಾನದ ಮರ ಯಾಕೆ ಬೇಕು? ಐದಾರು ವರ್ಷದಿಂದ ಹತ್ತು ವರ್ಷದೊಳಗೆ ಬೆಳೆಯುವ ಜಾತಿಗಳು ಆ ಕೆಲಸಕ್ಕೆ ಸಾಕು. ಸಾರ್ವಜನಿಕ ಕಾಡಿನ ನಿಧಾನದ, ದಪ್ಪದ, ಚೇಗು (ಒಳಗಿನ ಗಟ್ಟಿ ತಿರುಳು) ತುಂಬಿದ ಮರ ಹಾಗೆ ಖರ್ಚಾಗುವುದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿಗದಿಯಾದ ಇಳುವರಿಯನ್ನು ಕಾಯುವುದು ಲೆಕ್ಕ ಹಾಕುವುದಕ್ಕಿಂತ ಕಷ್ಟ. ಒಂದು ಬಿರುಗಾಳಿಯ ನಂತರ ಬಿದ್ದ ಮರ ರಾಶಿಯಾಯಿತು. ಅದನ್ನು ಹೆಚ್ಚುವರಿಯಾಗಿ ಕೊಡಿ ಎಂಬ ಕೂಗೆದ್ದಿತು. ನಾನು ಕೊಟ್ಟೆ, ಆದರೆ ಮುಂದಿನ ವರ್ಷಗಳ ಪಾಲಿನಿಂದ ಮುರಿದುಕೊಳ್ಳುವ ಷರತ್ತಿನ ಮೇಲೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಉದಾಹರಣೆ ಆಗ ನನ್ನ ಮುಂದಿತ್ತು. ಅಲ್ಲಿನ ಕಾಡು ಬಹುಪಾಲು ಸಾರ್ವಜನಿಕ, ವಾರ್ಷಿಕ ಕಡಿತಲೆಯ ಮಿತಿಯನ್ನು ಮುಖ್ಯ ಅರಣ್ಯಾಧಿಕಾರಿ ಕಾನೂನಿನ ಪ್ರಕಾರ ನಿಗದಿ ಮಾಡುತ್ತಾರೆ. 1990ರ ದಶಕದ ಕೊನೆಯಿಂದ ದುಂಬಿಗಳ ಹಾವಳಿಯಲ್ಲಿ ಪೈನ್ ಮರಗಳು ಭಾರಿ ಪ್ರಮಾಣದಲ್ಲಿ ಒಣಗಿದಾಗ, ಮರ ಹಾಳಾಗುವ ಮುಂಚೆ ತೆಗೆಯಲೆಂದು ಆ ಮಿತಿಯನ್ನು ಏರಿಸಿದರು. ಒಣಗಿದ ಮರ ಮುಗಿದ ಮೇಲೆ ಮಿತಿ ಇಳಿಯಲೇಬೇಕಾಯಿತು. 2019ರಲ್ಲಿ ಅಲ್ಲಿ ಹಲವು ಮಿಲ್ಲುಗಳು ಮುಚ್ಚಿದವು, ಅವನ್ನೇ ನಂಬಿದ್ದ ಊರುಗಳು ಕೆಲಸ ಕಳೆದುಕೊಂಡವು. ಬಿದ್ದ ಮರ ತೆಗೆಯುವುದು ತಪ್ಪಲ್ಲ; ಆ ತಾತ್ಕಾಲಿಕ ರಾಶಿಯ ಮೇಲೆ ಕಾಯಂ ಮಿಲ್ಲು ನಿಲ್ಲಬಾರದು.

ಮಾದರಿ ತಾಕುಗಳಲ್ಲಿ ಕೆಲವನ್ನು ಕಾಯಂ ತಾಕುಗಳಾಗಿ ಉಳಿಸಿ, ಮರಗಳಿಗೆ ನಂಬರು ಹೊಡೆದು, ಐದು ವರ್ಷಕ್ಕೊಮ್ಮೆ ಅದೇ ಎತ್ತರದಲ್ಲಿ ಮತ್ತೆ ಅಳೆಯುವ ಏರ್ಪಾಡು ಮಾಡಿದ್ದೆ. ಅದಕ್ಕೆ ಹಣ ಬಿಡಿಸಿಕೊಳ್ಳುವುದು ಪ್ರತಿ ಸಲವೂ ಒಂದು ಹೋರಾಟ, ಏಕೆಂದರೆ ಅಳತೆಯಿಂದ ಆ ವರ್ಷ ಒಂದು ದಿಮ್ಮಿಯೂ ಹುಟ್ಟುವುದಿಲ್ಲ. ಮೊದಲ ಮರು ಅಳತೆಯಲ್ಲಿ, ಬೆಂಕಿ ಬೀಳದಂತೆ ಕಾದ ವಿಭಾಗಗಳಲ್ಲಿ, ಪಾಲು ಇಳಿಸಿದ್ದ ಜಾತಿಯ ಎಳೆಮರಗಳು ನಡುವರ್ಗದ ಕೆಳಗಿನ ಮೆಟ್ಟಿಲಿಗೆ ಬಂದಿರುವುದು ಕಂಡಿತು. ಅದರ ಪಾಲನ್ನು ಇನ್ನೂ ಏರಿಸಿಲ್ಲ. ಇನ್ನೊಂದು ಅಳತೆಯವರೆಗೆ ತಡೆದಿದ್ದೇವೆ. ಪಟ್ಟಿಯಿಂದ ಹೊರಗಿಟ್ಟ ಜಾತಿಯಲ್ಲಿ ಹೇಳಿಕೊಳ್ಳುವ ಬದಲಾವಣೆ ಕಂಡಿಲ್ಲ. ಅದಕ್ಕೆ ಸಸಿಯ ಮೇಲೆ ಎಷ್ಟು ಬೆಳಕು ಬೀಳಬೇಕು ಎಂದು ನೋಡಲು, ಕೆಲವು ತಾಕುಗಳಲ್ಲಿ ಮೇಲಿನ ನೆರಳನ್ನು ಸ್ವಲ್ಪ ಸ್ವಲ್ಪವೇ ತೆರವು ಮಾಡಿದ್ದೇವೆ. ಆ ಜಾತಿಯನ್ನೇ ನಂಬಿದ್ದ ಮಿಲ್ಲು ಈಗ ಮೊದಲು ಯಾರೂ ಕೇಳದಿದ್ದ ಬೇರೊಂದು ಜಾತಿಯನ್ನು ಒಣಗಿಸಿ ಬಾಗಿಲಿನ ಚೌಕಟ್ಟು ಮಾಡುತ್ತಿದೆ. ಈ ಹೊಸ ಜಾತಿಯ ನಡುವರ್ಗ ತುಂಬಿಕೊಂಡಿದೆ, ಮುಂದಿನ ಯೋಜನೆಯಲ್ಲಿ ಅದರ ಪಾಲನ್ನು ತುಸು ಹೆಚ್ಚಿಸಲು ಶಿಫಾರಸು ಬರೆದಿದ್ದೇನೆ.