ಗಣೆ ಊದುವಾಗ ಹ್ಯಾಂಗ್ ಆದ ಕಂಪ್ಯೂಟರ್

ತುಮಕೂರಿನಲ್ಲಿ ನಮ್ಮ ಮನೆಯ ಮೇಲಿನ ಒಂದು ರೂಮೇ ನನ್ನ ಸ್ಟುಡಿಯೋ. ಗೋಡೆಗೆ ಹಳೆ ಹಾಸಿಗೆಯ ಹತ್ತಿ, ಕಿಟಕಿಗೆ ಎರಡು ಪದರ ಕಂಬಳಿ. ಭಜನೆ, ತತ್ವಪದ, ಸ್ಕೂಲ್ ಡೇ ಡ್ಯಾನ್ಸಿಗೆ ಟ್ರ್ಯಾಕ್, ಚುನಾವಣೆ ಬಂದರೆ ಪ್ರಚಾರದ ಹಾಡು, ಎಲ್ಲಾ ಇಲ್ಲೇ ಆಗುತ್ತದೆ. ಫ್ಯಾನ್ ಸದ್ದು ಮೈಕಿಗೆ ಬರಬಾರದು ಅಂತ ಕಂಪ್ಯೂಟರ್ ಡಬ್ಬವನ್ನು ಮಾತ್ರ ಗೋಡೆಯಾಚೆ ಮೆಟ್ಟಿಲ ಹತ್ತಿರ ಇಟ್ಟಿದ್ದೇನೆ. ಕೇಬಲ್‌ಗಳು ಒಂದು ತೂತಿನಿಂದ ಒಳಗೆ ಬರುತ್ತವೆ. ಈ ತೂತಿನ ವಿಷಯ ಆಮೇಲೆ ಬರುತ್ತದೆ, ಜ್ಞಾಪಕ ಇರಲಿ.

ಅವತ್ತು ಶಿರಾ ಕಡೆಯ ಒಂದು ಹಟ್ಟಿಯಿಂದ ಗಣೆ ಊದುವ ತಾತ ಬಂದಿದ್ದರು. ಗಣೆ ಅಂದರೆ ಉದ್ದನೆಯ ಬಿದಿರ ಕೊಳಲು. ದನ ಕುರಿ ಸಾಕುವ ಕಾಡುಗೊಲ್ಲರಲ್ಲಿ ತಮ್ಮ ವೀರದೈವ ಜುಂಜಪ್ಪನ ಕಥೆ ಹಾಡುವವರು ಒಂದಿಷ್ಟು ಹಾಡಿ, ಒಂದಿಷ್ಟು ಊದಿ, ಮತ್ತೆ ಹಾಡುತ್ತಾರೆ. ಉಸಿರಿನ ಸದ್ದೂ ಅದರಲ್ಲಿ ಸೇರಿಯೇ ಚೆಂದ. ಸಿನಿಮಾ ಹಾಡಿನ ಹಾಗೆ ಇದನ್ನು ನಾಲ್ಕು ನಾಲ್ಕು ಸಾಲು ಮುರಿದು ಹಾಡಿಸೋಕೆ ಆಗಲ್ಲ. ಶುರು ಮಾಡಿದರೆ ಆ ಭಾಗ ಮುಗಿಯುವವರೆಗೂ ಒಂದೇ ಟೇಕ್.

28ನೇ ನಿಮಿಷ. ತಾತ ಕಣ್ಣು ಮುಚ್ಚಿ ಹಾಡುತ್ತಿದ್ದರು. ಪರದೆಯ ಮೇಲೆ ಓಡುತ್ತಿದ್ದ ಅಲೆ ನಿಂತಿತು. ಮೀಟರ್‌ನ ಹಸಿರು ಪಟ್ಟಿ ಅರ್ಧಕ್ಕೇ ನಿಂತಿತು. ಪರದೆಯ ಮೇಲಿನ ಸಾಫ್ಟ್‌ವೇರ್ ಕಿಟಕಿ ಪೂರ್ತಿ ಬೆಳ್ಳಗಾಯಿತು. ನಾನು ಗಾಬರಿಯಲ್ಲಿ ಸ್ಪೇಸ್ ಬಾರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ, ಒಟ್ಟು ನಾಲ್ಕು ಸಲ ಒತ್ತಿದೆ.

ಸುಮಾರು ಹತ್ತು ಸೆಕೆಂಡಿಗೆ ಅದು ತಾನೇ ಎದ್ದಿತು. ಎದ್ದ ತಕ್ಷಣ ನನ್ನ ನಾಲ್ಕು ಒತ್ತುಗಳನ್ನೂ ಸಾಲಾಗಿ ಪಾಲಿಸಿತು: ನಿಲ್ಲು, ಓಡು, ನಿಲ್ಲು, ಓಡು. ರೆಕಾರ್ಡಿಂಗ್ ಅಲ್ಲಿಗೇ ಕತ್ತರಿಸಿಹೋಯಿತು. ಕೊನೆಯ "ಓಡು" ತಾತನ ಹೆಡ್‌ಫೋನಿಗೆ ಅವರದೇ ಹಾಡನ್ನು ಮೊದಲಿಂದ ಕೇಳಿಸಿತು. ತಾತ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ನಕ್ಕು ಹೇಳಿದರು, "ನಿನ್ ಮಿಶನ್ನು ಮಲಗ್ಬುಟ್ಟಿತ್ತು ಕಣಪ್ಪ. ಗಾಬ್ರಿ ಬಿದ್ದು ಎಬ್ಬಿಸ್ದೆ, ಅದ್ಕೆ ಕನವರಿಸ್ತೈತೆ."

ನಾನೂ ನಕ್ಕೆ, ತಮಾಷೆ ಅಂದುಕೊಂಡು. ತಾತ ಹೇಳಿದ್ದೇ ಸರಿ ಅಂತ ಗೊತ್ತಾಗೋಕೆ ನನಗೆ ಮೂರು ವಾರ ಹಿಡಿಯಿತು.

ಮೊದಲು ಮಾಡಿದ ಕೆಲಸ ದಡ್ಡತನದ್ದು. ರ್‍ಯಾಮ್ ಕಮ್ಮಿಯಾಗಿರಬೇಕು ಅಂತ ಬೆಳಗಿನ ಟ್ರೇನ್ ಹತ್ತಿ ಬೆಂಗಳೂರಿಗೆ ಹೋಗಿ, ಎಸ್‌ಪಿ ರೋಡಿನಲ್ಲಿ 8 ಜಿಬಿಯದೊಂದು ತಂದು ಹಾಕಿದೆ. 16 ಜಿಬಿ ಆಯಿತು. ಹ್ಯಾಂಗ್ ಆಗೋದು ಹಾಗೇ ಇತ್ತು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಆ ಪ್ರಾಜೆಕ್ಟ್ ತಿನ್ನುತ್ತಿದ್ದದ್ದೇ 4 ಜಿಬಿ ಚಿಲ್ಲರೆ. ಹೋಗೋಕೆ ಮುಂಚೆ ನೋಡಿದ್ದರೆ ಟ್ರೇನ್ ಚಾರ್ಜಾದರೂ ಉಳಿಯುತ್ತಿತ್ತು.

ಗೆಳೆಯರೆಲ್ಲ "ವಿಂಡೋಸ್ ಹೊಸದಾಗಿ ಹಾಕು" ಅಂದರು. ಅದು ನಮ್ಮ ಕಡೆ ಎಲ್ಲ ಕಾಯಿಲೆಗೂ ಕೊಡುವ ಒಂದೇ ಕಷಾಯ. ನಾನು ಹಾಕಲಿಲ್ಲ. ಎಲ್ಲ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ಮತ್ತೆ ಹಾಕಿ ಲೈಸೆನ್ಸ್ ಕೂರಿಸೋಕೆ ಎರಡು ದಿನ ಯಾರ ಹತ್ತಿರ ಇದೆ?

ಅದರ ಬದಲು ಒಂದು 100 ಪುಟದ ನೋಟ್‌ಬುಕ್ ತಂದೆ. ಯಾವಾಗ ತೊಂದರೆ ಆಯಿತು, ಆಗ ಏನು ನಡೆಯುತ್ತಿತ್ತು, ಎಷ್ಟು ಹೊತ್ತು ಇತ್ತು. ಅಷ್ಟೇ ಬರೆದೆ. ನಾಲ್ಕೇ ದಿನಕ್ಕೆ ಒಂದು ವಿಷಯ ಸ್ಪಷ್ಟವಾಯಿತು. ನಾನು "ಹ್ಯಾಂಗ್" ಅಂತ ಒಂದೇ ಹೆಸರಿಟ್ಟು ಬೈಯುತ್ತಿದ್ದದ್ದು ಒಂದು ಕಾಯಿಲೆ ಅಲ್ಲ, ಮೂರು. ಒಂದು, ಹಾಡು ಕೇಳುವಾಗ ಪಟಪಟ ಸದ್ದು ಬಂದು ಕ್ಷಣ ತಡವರಿಸುವುದು. ಇನ್ನೊಂದು, ಹಳೆಯ ಪ್ರಾಜೆಕ್ಟ್ ತೆರೆಯುವಾಗಲೇ ಕಲ್ಲಾಗಿ ಕೂರುವುದು. ಮೂರನೆಯದು, ತಾತನ ಎದುರು ಆದದ್ದು.

ಪಟಪಟ ಸದ್ದಿನದು ಬೇಗ ಬಗೆಹರಿಯಿತು. ಕಂಪ್ಯೂಟರ್ ಆಡಿಯೋವನ್ನು ಚಿಕ್ಕ ಚಿಕ್ಕ ತುತ್ತು ಮಾಡಿ ಕಳಿಸುತ್ತದೆ. ಆ ತುತ್ತಿನ ಅಳತೆಯೇ ಬಫರ್. 48,000 ಹರ್ಟ್ಸ್‌ನಲ್ಲಿ (ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆಯುವುದು, ಒಂದೊಂದು ಅಳತೆಯೂ ಒಂದು ಸ್ಯಾಂಪಲ್) 256 ಸ್ಯಾಂಪಲ್ ಬಫರ್ ಅಂದರೆ ಮುಂದಿನ ತುತ್ತು ಸಿದ್ಧ ಮಾಡೋಕೆ ಸುಮಾರು 5.3 ಮಿಲಿಸೆಕೆಂಡ್ ಸಮಯ. 1024 ಇಟ್ಟರೆ 21 ಮಿಲಿಸೆಕೆಂಡ್. ಹಾಡುವವರು ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಬಾರದು, ಹಾಗಾಗಿ ರೆಕಾರ್ಡ್ ಮಾಡುವಾಗ ಚಿಕ್ಕ ಬಫರ್ ಬೇಕು. ಮಿಕ್ಸ್ ಮಾಡುವಾಗ ಯಾರೂ ಹಾಡುತ್ತಿರುವುದಿಲ್ಲ, ದೊಡ್ಡದು ಇಡಬಹುದು. ನಾನು ಮಿಕ್ಸ್ ಮಾಡುವಾಗಲೂ 128ರಲ್ಲೇ ಬಿಟ್ಟಿದ್ದೆ. 1024ಕ್ಕೆ ಏರಿಸಿದೆ, ಮುಕ್ಕಾಲು ಭಾಗ ಕಮ್ಮಿಯಾಯಿತು.

ಉಳಿದ ಕಾಲು ಭಾಗಕ್ಕೆ ಲೇಟೆನ್ಸಿಮಾನ್ ಅನ್ನುವ ಪುಟ್ಟ ಪ್ರೋಗ್ರಾಂ ಓಡಿಸಿದೆ. ಯಾವ ಡ್ರೈವರ್ (ವೈಫೈ, ಸೌಂಡ್‌ನಂಥ ಭಾಗಗಳನ್ನು ನಡೆಸುವ ಪ್ರೋಗ್ರಾಂ) ಪ್ರೊಸೆಸರನ್ನು ಜಾಸ್ತಿ ಹೊತ್ತು ಹಿಡಿದು ಕೂರುತ್ತದೆ ಅಂತ ಅದು ತೋರಿಸುತ್ತದೆ. ಹತ್ತು ನಿಮಿಷ ಬಿಟ್ಟೆ. ಕೆಂಪು ಗೆರೆ ಏರಿದಾಗಲೆಲ್ಲ ನೆಟ್‌ವರ್ಕ್ ಡ್ರೈವರ್‌ದೇ ಹೆಸರು. ವೈಫೈ ಆಫ್ ಮಾಡಿದೆ, ಗೆರೆ ಹಸಿರಾಯಿತು. ಆನ್ ಮಾಡಿದೆ, ಮತ್ತೆ ಕೆಂಪು. ಈಗ ಸ್ಟುಡಿಯೋ ಕೆಲಸ ನಡೆಯುವಾಗ ವೈಫೈ ಆಫ್. ಫೋನಿಗೆ ಬರೋ ಗುಡ್ ಮಾರ್ನಿಂಗ್ ಮೆಸೇಜೇ ಸಾಕು, ಕಂಪ್ಯೂಟರಿಗೂ ಬೇಕಾ?

ಎರಡನೇ ಕಾಯಿಲೆ ನೆನೆಸಿಕೊಂಡರೆ ಈಗಲೂ ನಾಚಿಕೆ. ಹೋದ ವರ್ಷದ ಒಂದು ಭಜನೆ ಪ್ರಾಜೆಕ್ಟ್ ತೆರೆದರೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಅರ್ಧ ಗಂಟೆ ಕಾದರೂ ಅಲ್ಲಾಡದು. ಯಾವುದೋ ಪ್ಲಗಿನ್ ಅಂತ ಅನುಮಾನ. ನಲವತ್ತಕ್ಕೂ ಹೆಚ್ಚು ಪ್ಲಗಿನ್‌ಗಳಲ್ಲಿ ಒಂದೊಂದನ್ನೇ ಪರೀಕ್ಷೆ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಅದಕ್ಕೆ ಅರ್ಧದಷ್ಟನ್ನು ಬೇರೆ ಫೋಲ್ಡರಿಗೆ ಸರಿಸಿ ಪ್ರಾಜೆಕ್ಟ್ ತೆರೆದೆ. ತೆರೆದುಕೊಂಡಿತು. ಅಂದರೆ ಕಳ್ಳ ಸರಿಸಿದ ಅರ್ಧದಲ್ಲಿದ್ದಾನೆ. ಅದರಲ್ಲಿ ಅರ್ಧ ವಾಪಸ್ ಹಾಕಿದೆ. ಹೀಗೆ ಆರು ಸಲಕ್ಕೆ ದನಿಗೆ ಗುಂಗು ಸೇರಿಸುವ ಒಂದು ಹಳೆಯ ರಿವರ್ಬ್ ಪ್ಲಗಿನ್ ಸಿಕ್ಕಿಬಿತ್ತು.

ಆದರೆ ಅದೂ ಕೆಟ್ಟಿರಲಿಲ್ಲ. ಅದರ ಲೈಸೆನ್ಸ್ ಮುಗಿದಿತ್ತು. "ನಂಬರ್ ಹಾಕಿ" ಅಂತ ಒಂದು ಪುಟ್ಟ ಕಿಟಕಿ ತೆರೆದು ನನಗಾಗಿ ಕಾಯುತ್ತಿತ್ತು. ಆ ಕಿಟಕಿ ತೆರೆಯುತ್ತಿದ್ದದ್ದು ನನ್ನ ಎರಡನೇ ಮಾನಿಟರ್ ಇರಬೇಕಾದ ಜಾಗದಲ್ಲಿ. ಆ ಮಾನಿಟರನ್ನು ಮಗಳ ಓದಿಗೆ ಅಂತ ಕೆಳಗೆ ಸಾಗಿಸಿ ತಿಂಗಳಾಗಿತ್ತು! ಇಲ್ಲದ ಪರದೆಯ ಮೇಲೆ ಅದು ಪ್ರಶ್ನೆ ಕೇಳುತ್ತಿತ್ತು, ಉತ್ತರ ಬರೋವರೆಗೂ ಉಳಿದದ್ದೆಲ್ಲ ನಿಂತಿತ್ತು. ಇಂಥ ಹೊತ್ತಲ್ಲಿ ಆಲ್ಟ್ ಮತ್ತು ಟ್ಯಾಬ್ ಒತ್ತಿ ಆ ಕಿಟಕಿ ಆರಿಸಿಕೊಳ್ಳಿ. ಆಮೇಲೆ ಆಲ್ಟ್ ಮತ್ತು ಸ್ಪೇಸ್, ಅದಾದ ಮೇಲೆ ಎಂ, ಆಮೇಲೆ ಬಾಣದ ಕೀಲಿ. ಅಡಗಿದ ಕಿಟಕಿ ಎಳೆದುಕೊಂಡು ಬರುತ್ತದೆ. ನನಗೆ ಹಾಗೇ ಬಂತು.

ಈಗ ಮೂರನೆಯದು. ನನ್ನನ್ನು ನಿಜವಾಗಿ ಸತಾಯಿಸಿದ್ದು ಇದೇ, ಯಾಕೆಂದರೆ ಪರೀಕ್ಷೆ ಮಾಡೋಕೆ ಕೂತರೆ ಬರುತ್ತಲೇ ಇರಲಿಲ್ಲ. ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಕಿ, ತಮಟೆ ಸ್ಯಾಂಪಲ್, ತಂಬೂರಿ ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ಸದ್ದು) ಎಲ್ಲ ಒಟ್ಟಿಗೆ ಬಾರಿಸಿದರೂ ಕಂಪ್ಯೂಟರ್ ಜಗ್ಗದು. ಸುಮ್ನೆ ಒಂದೇ ಮೈಕ್ ಇಟ್ಟು ಉದ್ದ ರೆಕಾರ್ಡ್ ಮಾಡಿದರೆ ಹ್ಯಾಂಗ್. ಕೆಲಸ ಜಾಸ್ತಿ ಇದ್ದಾಗ ಚೆನ್ನಾಗಿರುತ್ತದೆ, ಕಮ್ಮಿ ಇದ್ದಾಗ ಕೈಕೊಡುತ್ತದೆ. ಇದ್ಯಾವ ನ್ಯಾಯ?

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೀಗಿತ್ತು: 11:07, 11:37, 12:07. ಬರೆಯುವಾಗ ಕಣ್ಣಿಗೆ ಬಿದ್ದಿರಲಿಲ್ಲ. ರಾತ್ರಿ ಊಟ ಮಾಡುತ್ತಾ ತಿರುವಿ ಹಾಕಿದಾಗ ಹೊಳೆಯಿತು. ಸರಿಯಾಗಿ ಅರ್ಧ ಗಂಟೆಗೊಮ್ಮೆ. ಗಡಿಯಾರ ನೋಡಿಕೊಂಡು ಬರುವ ಕಾಯಿಲೆ ಅಂದರೆ ಯಾರೋ ಗಡಿಯಾರ ಇಟ್ಟಿದ್ದಾರೆ ಅಂತ ತಾನೇ? ಇಟ್ಟವನು ನಾನೇ. ಸಾಫ್ಟ್‌ವೇರ್‌ನಲ್ಲಿ ಆಟೋಸೇವ್ 30 ನಿಮಿಷಕ್ಕೆ ಇಟ್ಟಿದ್ದೆ. ರೆಕಾರ್ಡಿಂಗ್ ನಡೆಯುವಾಗಲೂ ಸೇವ್ ಮಾಡು ಅಂತ ಟಿಕ್ ಹಾಕಿದ್ದೂ ನಾನೇ, ಕರೆಂಟ್ ಹೋದರೆ ಇರಲಿ ಅಂತ.

ಆದರೆ ಒಂದು ಚಿಕ್ಕ ಪ್ರಾಜೆಕ್ಟ್ ಫೈಲ್ ಸೇವ್ ಮಾಡೋಕೆ ಹತ್ತು ಸೆಕೆಂಡ್ ಯಾಕೆ? ಇಲ್ಲಿ ಪಕ್ಕದ ಮನೆಯ ಹುಡುಗ ಕಾಪಾಡಿದ. ಬಿಸಿಎ ಓದುತ್ತಾನೆ, ಸಂಜೆ ಬಂದು ಕೇಬಲ್ ಸುತ್ತಿಡುತ್ತಾನೆ. ಅವನನ್ನು ಮೆಟ್ಟಿಲ ಹತ್ತಿರ ಕೂರಿಸಿ, ನಾನು ಒಳಗೆ ಖಾಲಿ ಮೈಕ್ ರೆಕಾರ್ಡ್ ಮಾಡುತ್ತಾ ಕೂತೆ. ಅರ್ಧ ಗಂಟೆಗೆ ಸರಿಯಾಗಿ ಪರದೆ ಬೆಳ್ಳಗಾಯಿತು. ತೂತಿನಿಂದ ಅವನ ದನಿ ಬಂತು, "ಅಣ್ಣಾ, ಡಬ್ಬದೊಳಗೆ ಟಿಕ್ ಅಂತು, ಆಮೇಲೆ ಸೊಂಯ್ ಅಂತ ಏನೋ ತಿರುಗೋಕೆ ಶುರುವಾಯ್ತು!"

ಅದು ಹಳೆಯ 1 ಟಿಬಿ ಹಾರ್ಡ್ ಡಿಸ್ಕ್. ರೆಕಾರ್ಡಿಂಗ್ ಹೋಗುವುದು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ. ಸ್ಯಾಂಪಲ್‌ಗಳು ಮತ್ತು ಆಟೋಸೇವ್ ಬ್ಯಾಕಪ್ ಮಾತ್ರ ಈ ಡಿಸ್ಕಿನಲ್ಲಿ. ವಿಂಡೋಸ್‌ನ ಬ್ಯಾಲೆನ್ಸ್ಡ್ ಪವರ್ ಪ್ಲಾನ್‌ನಲ್ಲಿ 20 ನಿಮಿಷ ಯಾರೂ ಮುಟ್ಟದಿದ್ದರೆ ಹಾರ್ಡ್ ಡಿಸ್ಕ್ ತಿರುಗೋದು ನಿಲ್ಲಿಸುತ್ತದೆ. ತಂಬೂರಿ, ತಮಟೆ ಬಾರಿಸುತ್ತಿದ್ದರೆ ಡಿಸ್ಕಿಗೆ ಆಗಾಗ ಕೆಲಸ, ಎಚ್ಚರವಾಗಿರುತ್ತದೆ. ತಾತ ಒಬ್ಬರೇ ಗಣೆ ಊದಿದರೆ ಡಿಸ್ಕನ್ನು ಮುಟ್ಟುವವರಿಲ್ಲ. 20ನೇ ನಿಮಿಷಕ್ಕೆ ಮಲಗುತ್ತದೆ. 30ಕ್ಕೆ ಆಟೋಸೇವ್ ಬಂದು ಬಾಗಿಲು ಬಡಿಯುತ್ತದೆ (ಅದರ ಗಡಿಯಾರ ಹಾಡಿಗಿಂತ ಮುಂಚೆಯೇ ಶುರುವಾಗಿತ್ತು, ಅದಕ್ಕೇ ಅವತ್ತು 28ನೇ ನಿಮಿಷ). ಡಿಸ್ಕಿನೊಳಗಿನ ತಟ್ಟೆ ಪೂರ್ತಿ ವೇಗಕ್ಕೆ ಬರುವವರೆಗೆ ಸಾಫ್ಟ್‌ವೇರ್ ಬಾಗಿಲಲ್ಲೇ ನಿಂತಿರುತ್ತದೆ. ಒಂದು ಕಿಟಕಿ 5 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದಕ್ಕೆ ಬಿಳಿ ಮುಸುಕು ಹಾಕಿ "ನಾಟ್ ರೆಸ್ಪಾಂಡಿಂಗ್" ಅನ್ನುತ್ತದೆ. ಸತ್ತಿದೆ ಅಂತ ಅಲ್ಲ, ಉತ್ತರ ಬಂದಿಲ್ಲ ಅಂತ ಅಷ್ಟೇ.

ವಿಂಡೋಸ್ ಹೊಸದಾಗಿ ಹಾಕಿದ್ದರೂ ಇದು ಹೋಗುತ್ತಿರಲಿಲ್ಲ, ಆ 20 ನಿಮಿಷ ಅಲ್ಲೂ ಹಾಗೇ ಬರುತ್ತಿತ್ತು.

ರಿಪೇರಿಗೆ ಎರಡು ನಿಮಿಷ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಹಾರ್ಡ್ ಡಿಸ್ಕ್ ಆಫ್ ಆಗುವ ಸಮಯ 20 ಇದ್ದದ್ದನ್ನು 0 ಮಾಡಿದೆ. 0 ಅಂದರೆ ಎಂದೂ ಬೇಡ. ಆಟೋಸೇವ್ ಜಾಗವನ್ನು ಎಸ್‌ಎಸ್‌ಡಿಗೆ ಬದಲಾಯಿಸಿದೆ. ಎರಡನ್ನೂ ಒಂದೇ ಸಲ ಮಾಡಲಿಲ್ಲ. ಮೊದಲನೆಯದು ಮಾಡಿ ಎರಡು ಗಂಟೆ ಖಾಲಿ ರೆಕಾರ್ಡ್ ಮಾಡಿ ನೋಡಿ, ಆಮೇಲೆ ಎರಡನೆಯದು. ಹೊರಗೆ ಯುಎಸ್‌ಬಿಗೆ ಚುಚ್ಚುವ ಹಾರ್ಡ್ ಡಿಸ್ಕ್ ಇಟ್ಟುಕೊಂಡವರು ಇನ್ನೊಂದು ನೋಡಬೇಕು: ಕೆಲವು ಡಿಸ್ಕ್‌ಗಳಿಗೆ ಮಲಗುವ ಅಭ್ಯಾಸ ಅವುಗಳ ಡಬ್ಬದಲ್ಲೇ ಇರುತ್ತದೆ, ವಿಂಡೋಸ್ ಮಾತು ಕೇಳಲ್ಲ.

ಅವತ್ತಿನ ಟೇಕ್ ಹೋಗಿರಲಿಲ್ಲ. ಪ್ರಾಜೆಕ್ಟಿನ ಆಡಿಯೋ ಫೋಲ್ಡರಿನಲ್ಲಿ ಸುಮಾರು 240 ಎಂಬಿಯ ವೇವ್ ಫೈಲ್ ಕೂತಿತ್ತು. 24 ಬಿಟ್, 48,000 ಹರ್ಟ್ಸ್, ಒಂದು ಮೈಕ್ ಅಂದರೆ ನಿಮಿಷಕ್ಕೆ ಎಂಟೂವರೆ ಎಂಬಿ ಚಿಲ್ಲರೆ. 28 ನಿಮಿಷಕ್ಕೆ ಲೆಕ್ಕ ಸರಿ ಹೋಯಿತು. ಕೇಳಿದರೆ ಪರದೆ ಬೆಳ್ಳಗಾದ ಆ ಹತ್ತು ಸೆಕೆಂಡಿನ ಹಾಡೂ ಇತ್ತು! ಪರದೆ ಮಾತ್ರ ನಿಂತಿತ್ತು, ರೆಕಾರ್ಡಿಂಗ್ ಹಿಂದೆ ನಡೆಯುತ್ತಲೇ ಇತ್ತು. ನಾನು ಸ್ಪೇಸ್ ಬಾರ್ ಮುಟ್ಟದೆ ಸುಮ್ನೆ ಕೂತಿದ್ದರೆ ತಾತನ ಹಾಡು ತಾನಾಗಿ ಮುಂದೆ ಹೋಗುತ್ತಿತ್ತು. ಈಗ ಏನೇ ಹ್ಯಾಂಗ್ ಆದರೂ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಒಂದು ನಿಮಿಷ ಕಾಯುತ್ತೇನೆ. ಕಷ್ಟ, ಆದರೂ ಕಾಯುತ್ತೇನೆ.

ತಾತನನ್ನು ಮತ್ತೆ ಕರೆಸಿದೆ. ಬಸ್ಸಿಳಿದು ಬಂದವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿಕೊಟ್ಟೆ. ಕೈ ತೊಳೆದು, ಗಣೆ ಒರೆಸಿ ಕೂತರು. ಒಂದೇ ಟೇಕ್, 52 ನಿಮಿಷ. 30ನೇ ನಿಮಿಷ ಬಂದಾಗ ನನ್ನ ಎದೆ ಡವಡವ ಅಂದದ್ದು ಮೈಕಿಗೆ ಕೇಳಿಸಿಲ್ಲ, ಪುಣ್ಯ. ಪರದೆಯ ಅಲೆ ಎಲ್ಲೂ ನಿಲ್ಲದೆ ಓಡಿತು.

ಮುಗಿದ ಮೇಲೆ ತಾತ ಹೆಡ್‌ಫೋನ್ ತೆಗೆದು ಕೇಳಿದರು, "ಈವತ್ತು ಮಲಗ್ಲಿಲ್ವಾ ನಿನ್ ಮಿಶನ್ನು?"

"ಇಲ್ಲ ತಾತ, ಮಲಗೋದನ್ನೇ ಬಿಡಿಸಿಬಿಟ್ಟೆ."

ತಾತ ಗೋಡೆಯ ತೂತಿನ ಕಡೆ ನೋಡಿ, "ಅಯ್ಯೋ ಪಾಪ" ಅಂದರು.