ಜೋಗದ ಚಿತ್ರವನ್ನು ನೀರಿಗೆ ಹಾಕಿದ ಕಥೆ

ಹೊಲಿದು ಮುಗಿಸಿದ ಚಿತ್ರವನ್ನು ಬಕೆಟ್ ನೀರಿಗೆ ಅದ್ದುತ್ತೇನೆ ಅಂದಾಗ ನಮ್ಮ ಪೇಟೆಯ ಎಂಬ್ರಾಯ್ಡರಿ ಮಾಸ್ಟರ್ ಹಣೆ ಚಚ್ಚಿಕೊಂಡರು. "ನಾಲ್ಕು ತಿಂಗಳ ಕೆಲಸ ನೀರುಪಾಲು ಮಾಡ್ತೀರಲ್ಲ ಅಕ್ಕಾ" ಅಂದರು. ಅದೇ ಚಿತ್ರ ಈಗ ಗೋಡೆ ಮೇಲೆ ಸಪಾಟಾಗಿ ಕೂತಿದೆ. ಹೋದ ವಾರ ಮಾಸ್ಟರೇ ಬಂದು ಬೆರಳಲ್ಲಿ ಸವರಿ ನೋಡಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಹೊಲಿಗೆ ಮೆಷಿನ್‌ನಲ್ಲಿ ಬಟ್ಟೆಯನ್ನು ಕೈಯಲ್ಲೇ ಓಡಿಸಿ ಚಿತ್ರ ಹೊಲಿಯಲು ಬಟ್ಟೆ ತಳ್ಳುವ ಹಲ್ಲು ಇಳಿಸುವುದು, ಬಟ್ಟೆ ಒತ್ತುವ ಫೂಟ್ ಬಿಚ್ಚುವುದು, ಬಟ್ಟೆಗೆ ರಿಂಗ್ ಬಿಗಿಯುವುದು ಹೊಲಿಯುವವರಿಗೆಲ್ಲ ಗೊತ್ತಿರುವುದೇ. ನಾನು ಹೇಳುವುದು ಹೊಲಿಗೆ ಮುಗಿದ ಮೇಲಿನ ಗೋಳು.

ಚಿತ್ರ ಜೋಗದ್ದು. ಮಳೆಗಾಲದ ಜೋಗ ಬೇಡ ಅಂದುಕೊಂಡೆ. ಆಗ ರಾಜಾ, ರಾಣಿ, ರೋರರ್, ರಾಕೆಟ್ ಯಾವುದು ಎಲ್ಲಿದೆ ಅಂತಲೇ ಕಾಣುವುದಿಲ್ಲ, ಎಲ್ಲ ಮಂಜು. ಮಾರ್ಚ್‌ನಲ್ಲಿ ನೋಡಿದರೆ ಹೆಚ್ಚುಕಮ್ಮಿ ಬರೀ ಬಂಡೆ. ಅಕ್ಟೋಬರ್‌ನ ಒಂದು ಫೋಟೊ ಇಟ್ಟುಕೊಂಡೆ. 253 ಮೀಟರ್ ಬೀಳುವ ನೀರು ನನ್ನ ಬಟ್ಟೆಯಲ್ಲಿ ಹನ್ನೊಂದು ಇಂಚು. ರಾಜಾ ನೆಟ್ಟಗೆ ಬೀಳುವುದರಿಂದ ಅದಕ್ಕೆ ಉದ್ದನೆಯ ಗೆರೆ. ರಾಣಿ ಬಂಡೆಗೆ ಅಂಟಿಕೊಂಡು ಇಳಿಯುವುದರಿಂದ ಅದಕ್ಕೆ ಸಣ್ಣ ಜಿಗ್‌ಜಾಗ್. ಇಷ್ಟರ ಮಟ್ಟಿಗೆ ಎಲ್ಲ ಚೆನ್ನಾಗಿಯೇ ಇತ್ತು.

ತಪ್ಪು ಮಾಡಿದ್ದು ಫ್ರೇಮ್‌ನಲ್ಲಿ. ಹುಮ್ಮಸ್ಸಿನಲ್ಲಿ 16 ಇಂಚು ಅಗಲ, 20 ಇಂಚು ಎತ್ತರಕ್ಕೆ ಮೊದಲೇ ಮಾಡಿಸಿಬಿಟ್ಟೆ. ಒಂಬೈನೂರು ರೂಪಾಯಿ. ಹೊಲಿಗೆ ಮುಗಿಸಿ ಅಳೆದರೆ ಎತ್ತರ ಒಂದೂಕಾಲು ಇಂಚು ಕಡಿಮೆ! ಜಲಪಾತದ ನೀರು ಕಾಣಿಸಲು ಹಾಕಿದ್ದೆಲ್ಲ ಉದ್ದ ಹೊಲಿಗೆ, ಅದು ಬಟ್ಟೆಯನ್ನು ಮೇಲೆ ಕೆಳಗೆ ಎಳೆದುಕೊಂಡಿತ್ತು. ಬಂಡೆಯ ಕಡೆ ದಾರ ಒತ್ತೊತ್ತು, ಆಕಾಶದಲ್ಲಿ ಏನೂ ಇಲ್ಲ. ಹಾಗಾಗಿ ಆಕಾಶ ಪೂರಿ ಥರ ಉಬ್ಬಿತ್ತು. ಆ ಫ್ರೇಮಿನಲ್ಲಿ ಈಗ ಅತ್ತೆಯ ಫೋಟೊ ಇದೆ.

ಎಲ್ಲರೂ ಹೇಳಿದ್ದು ಒಂದೇ ಮಾತು, ಇಸ್ತ್ರಿ ಹಾಕು. ಹಾಕಿದೆ. ಸುಕ್ಕು ಹೋಗಲಿಲ್ಲ, ಜಾಗ ಬದಲಾಯಿಸಿತು. ಮೇಲಾಗಿ ಸಿಲ್ಕ್ ದಾರ ಚಪ್ಪಟೆಯಾಗಿ ಒಂದು ಥರಾ ಹೊಳಪು ಬಂತು, ಬಂಡೆ ಎಣ್ಣೆ ಬಳಿದ ಹಾಗೆ ಕಂಡಿತು. ಅದು ಮೊದಲ ಚಿತ್ರ. ಕೆಟ್ಟಿತು.

ಎರಡನೆಯದಕ್ಕೆ ಮುಂಚೆಯೇ ಬಟ್ಟೆಗೆ ಅನ್ನದ ಗಂಜಿ ಹಾಕಿ ಗಟ್ಟಿ ಮಾಡಿಕೊಂಡೆ. ಹೊಲಿಯಲು ಬಲು ಸುಖ, ರಿಂಗೇ ಬೇಡ ಅನ್ನಿಸಿತು. ಆದರೆ ಹದಿನೈದು ದಿನ ಬೀರುವಿನಲ್ಲಿಟ್ಟು ತೆಗೆದರೆ ಜಿರಲೆ ಒಂದು ಮೂಲೆಯನ್ನು ಕಡಿದು ಹಾಕಿತ್ತು. ಮಲೆನಾಡಿನ ಮಳೆಗಾಲದಲ್ಲಿ ಗಂಜಿಯ ಸಹವಾಸ ಬೇಡ.

ಮೂರನೆಯದಕ್ಕೆ ಹಿಂದೆ ಎರಡು ಪದರ ಕ್ಯಾನ್ವಾಸ್ ಕೊಟ್ಟೆ, ಕಾಲರ್ ಒಳಗೆ ಹಾಕುವ ಗಟ್ಟಿ ಬಟ್ಟೆ. ಒಂದು ನೆಟ್ಟಗೆ, ಇನ್ನೊಂದು ಓರೆಯಾಗಿ. ಆಕಾಶವನ್ನೂ ಖಾಲಿ ಬಿಡದೆ ತೆಳು ಬೂದು ದಾರದಲ್ಲಿ ವಿರಳವಾಗಿ ಓಡಿಸಿದೆ. ಸುತ್ತ ಮೂರು ಇಂಚು ಬಟ್ಟೆ ಜಾಸ್ತಿ ಬಿಟ್ಟೆ. ಹೀಗಿದ್ದೂ ಸ್ವಲ್ಪ ಸುಕ್ಕು ಬಂದೇ ಬಂತು. ಆಗಲೇ ನೀರಿನ ಯೋಚನೆ ಹೊಳೆದದ್ದು. ಉಲ್ಲನ್ ಸ್ವೆಟರ್ ಒದ್ದೆ ಮಾಡಿ ಎಳೆದು ಒಣಗಿಸಿದರೆ ಆಕಾರಕ್ಕೆ ಬರುತ್ತೆ ಅಲ್ವಾ, ಇದೂ ಯಾಕೆ ಬರಬಾರದು?

ನೇರ ಚಿತ್ರಕ್ಕೆ ಕೈ ಹಾಕಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. ಕೆಟ್ಟ ಮೊದಲ ಚಿತ್ರವನ್ನೇ ಅದ್ದಿ ನೋಡಿದೆ. ಪುಣ್ಯ! ಬ್ಲೌಸ್ ಡಿಸೈನ್‌ಗೆ ಮಾಡುವ ಹಾಗೆ ತೂತಿನ ಕಾಗದದ ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಒರೆಸಿ ಗೆರೆ ಇಳಿಸಿದ್ದೆ. ಆ ನೀಲಿ ಒದ್ದೆಯಾಗಿ ಚಿತ್ರದ ಹಾಲಿನಂಥ ಜಲಪಾತಕ್ಕೆ ಹರಡಿತು. ಮೂರನೆಯದರಲ್ಲಿ ಬರೀ ಪೆನ್ಸಿಲ್ ಗೆರೆ ಇತ್ತು, ಬಚಾವಾದೆ. ಆಮೇಲೆ ಒಂದೊಂದು ದಾರವನ್ನೂ ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಟ್ಟು ನೋಡಿದೆ. ನಲವತ್ತು ಚಿಲ್ಲರೆ ಬಣ್ಣದಲ್ಲಿ ಎರಡು ಬಿಟ್ಟವು, ಒಂದು ಗಾಢ ಹಸಿರು, ಇನ್ನೊಂದು ಕೆಮ್ಮಣ್ಣಿನ ಬಣ್ಣ. ಅವುಗಳನ್ನು ಬಿಚ್ಚಿ ಬೇರೆ ಹಾಕಲು ಒಂದು ವಾರ ಹೋಯಿತು.

ಇನ್ನು ಎಳೆಯುವ ಕೆಲಸ. ಪ್ಲೈವುಡ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮರದ ಕಲೆ ಹತ್ತದಂತೆ ಮಾಡಿಕೊಂಡೆ. ಚಿತ್ರವನ್ನು ತಣ್ಣೀರಲ್ಲಿ ಅದ್ದಿ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿದೆ. ಮೊದಲು ನಾಲ್ಕು ಬದಿಯ ನಡುಭಾಗಕ್ಕೆ ಪಿನ್, ಆಮೇಲೆ ಎದುರು ಬದುರು ಎಳೆಯುತ್ತಾ ಮೂಲೆಗೆ. ಮಂಚಕ್ಕೆ ಪಟ್ಟಿ ಬಿಗಿದ ಹಾಗೆ. ಮಾಮೂಲಿ ಗುಂಡುಸೂಜಿ ಬಳಸಬೇಡಿ, ತುಕ್ಕಿನ ಚುಕ್ಕೆ ಏಳುತ್ತದೆ. ನಾನು ತುಕ್ಕು ಹಿಡಿಯದ ಸ್ಟೀಲಿನದ್ದು ಒಂದು ನೂರೈವತ್ತು ಚುಚ್ಚಿರಬಹುದು. ನೆರಳಲ್ಲಿ ಎರಡು ದಿನ. ಬಿಚ್ಚಿದಾಗ ಕಳೆದುಕೊಂಡ ಎತ್ತರದಲ್ಲಿ ಮುಕ್ಕಾಲು ಇಂಚು ವಾಪಸ್ ಬಂದಿತ್ತು. ಆಕಾಶ ಸಪಾಟು. ಅದ್ದುವ ನೀರಿಗೆ ನಾನು ಒಂದು ಸಾಮಾನು ಚೂರು ಬೆರೆಸಿದ್ದೆ, ಅದನ್ನು ಮಾತ್ರ ಕೇಳಬೇಡಿ.

ಬುಡದ ಮಂಜಿಗೆ ಒಂದು ಹುಚ್ಚಾಟ ಮಾಡಿದೆ. ಹಳೇ ಸೊಳ್ಳೆ ಪರದೆ ಕತ್ತರಿಸಿ ಎರಡು ಪದರ ಇಟ್ಟು ಮೇಲೆ ಬಿಳಿ ದಾರ ಓಡಿಸಿದೆ. ಅಂಚು ಸಹಜವಾಗಿ ಕಾಣಲಿ ಅಂತ ಬೇರೆ ತುಂಡಿನ ಮೇಲೆ ಊದುಬತ್ತಿ ಮುಟ್ಟಿಸಿ ನೋಡಿದೆ. ಪರದೆ ಕರಗಿ ಚೆಂದದ ಹರಕು ಅಂಚು ಬಂತು, ಆದರೆ ಸಿಲ್ಕ್ ದಾರ ಕರಗುವುದಿಲ್ಲ, ಸುಟ್ಟೇ ಹೋಗುತ್ತದೆ. ಆದ್ದರಿಂದ ಸುಡುವುದು ಮೊದಲು, ಹೊಲಿಯುವುದು ಆಮೇಲೆ.

ಫ್ರೇಮ್ ಅಂಗಡಿಯವನು ಒಂದು ಸ್ಯಾಂಪಲ್‌ಗೆ ಗಾಜನ್ನು ದಾರಕ್ಕೆ ಒತ್ತಿ ಕೂರಿಸಿಕೊಟ್ಟಿದ್ದ. ಜುಲೈನಲ್ಲಿ ಒಳಗೆ ಬೂಸಲು. ಈ ಸಲ ಸನ್‌ಬೋರ್ಡ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆಗೆ ಚಿತ್ರ ಸುತ್ತಿ, ಹಿಂದಿನಿಂದ ಕ್ರೋಶಾ ದಾರದಲ್ಲಿ ಅತ್ತಿಂದಿತ್ತ ಬಿಗಿದೆ. ಗೋಂದು ಒಂದು ಹನಿಯೂ ಇಲ್ಲ. ಗಾಜಿಗೂ ದಾರಕ್ಕೂ ನಡುವೆ ಅರ್ಧ ಬೆರಳಿನಷ್ಟು ಜಾಗ ಬಿಡಿಸಿದೆ, ಪಕ್ಕದಲ್ಲೇ ನಿಂತು.

ದಾರ, ಬಟ್ಟೆ, ಕ್ಯಾನ್ವಾಸ್, ಮುರಿದ ಎರಡು ಡಜನ್ ಸೂಜಿ, ಎರಡನೇ ಫ್ರೇಮ್ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಆಗಿರಬೇಕು. ಕೆಟ್ಟ ಎರಡರ ಲೆಕ್ಕ ಇಟ್ಟಿಲ್ಲ, ಮನೆಯವರಿಗೆ ಹೇಳಿಯೂ ಇಲ್ಲ. ಒಬ್ಬರು ಒಂಬತ್ತು ಸಾವಿರಕ್ಕೆ ಕೇಳಿದರು, ಕೊಡಲಿಲ್ಲ. ಮಾಸ್ಟರ್ ಮೊನ್ನೆ ಫೋನ್ ಮಾಡಿ, "ಅಕ್ಕಾ, ತಣ್ಣೀರೋ ಬಿಸಿನೀರೋ?" ಅಂತ ಕೇಳಿದರು.