ದೇವಿಮನೆ ಘಟ್ಟದಲ್ಲಿ ಮುರಿದ ಕ್ರ್ಯಾಂಕು, ಆಮೇಲೆ ಹೊಸದು ಹುಡುಕಿದ ಕಥೆ

ಕುಮಟಾದಿಂದ ಶಿರಸಿಗೆ ಹೊರಟಿದ್ದೆ, ಕತಗಾಲ ದಾಟಿ ಏರು ಶುರುವಾಗಿತ್ತಷ್ಟೆ, ಎಡಗಾಲಿನ ಕೆಳಗೆ ಇದ್ದಕ್ಕಿದ್ದಂಗೆ ಏನೂ ಇಲ್ಲ. ಪೆಡಲ್ಲು ರಸ್ತೆ ಮೇಲೆ ಬಿದ್ದಿತ್ತು, ಅದರ ಜೊತೆ ಕ್ರ್ಯಾಂಕಿನ (ಪೆಡಲ್ ಕೂರೋ ದಂಡ) ತುದಿಯ ಒಂದು ತುಂಡೂ ಇತ್ತು. ಏರಲ್ಲಿ ನಿಧಾನಕ್ಕೆ ಹೋಗ್ತಿದ್ದಕ್ಕೆ ಬೀಳದೆ ಉಳ್ಕೊಂಡೆ. ಮೇಲಿಂದ ಬಂದ ಒಂದು ಟೆಂಪೋಕ್ಕೆ ಸೈಕಲ್ ಹಾಕ್ಕೊಂಡು ವಾಪಸ್ ಕುಮಟಾಕ್ಕೆ ಬಂದೆ.

ಊರಲ್ಲಿ ಎಲ್ಲರದ್ದೂ ಒಂದೇ ಮಾತು, ಎಂಥಾ ತುಳಿತ ಮಾರಾಯಾ ನಿಂದು, ಇಲ್ಲಾಂದ್ರೆ ರಸ್ತೆ ಅಗಲ ಮಾಡೋ ಕೆಲಸದ ಹೊಂಡಕ್ಕೆ ಬಿದ್ದು ಹೋಗಿರ್ಬೇಕು ಅಂತ. ಎರಡೂ ಅಲ್ಲ. ಮುರಿದ ಜಾಗನ ಒರೆಸಿ ಬಿಸಿಲಿಗೆ ಹಿಡಿದು ನೋಡಿದ್ರೇ ಗೊತ್ತಾಗತ್ತೆ. ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಗೆ ನುಣ್ಣಗಿದೆ, ಅದರಲ್ಲಿ ಭರತ ಇಳಿದ ಮೇಲೆ ಮರಳಲ್ಲಿ ಉಳಿಯೋ ಗೆರೆಗಳ ಥರ ಒಂದರ ಹಿಂದೆ ಒಂದು ಬಾಗಿದ ಗೆರೆ, ಮಿಕ್ಕಿದ್ದು ಬೆಳ್ಳಗೆ ಹೊಳೀತಾ ಒರಟೊರಟಾಗಿದೆ. ಆ ಬೆಳ್ಳಗಿರೋದು ಮಾತ್ರ ಅವತ್ತು ಮುರಿದಿದ್ದು. ಕಪ್ಪಗಿರೋದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಸೀಳ್ತಾ ಬಂದಿದ್ದು, ಅದರೊಳಗೆ ನೀರು ಗಲೀಜು ಎಲ್ಲ ಹೋಗಿ ಕಪ್ಪಾಗಿದೆ. ಆ ಗೆರೆಗಳೆಲ್ಲ ಯಾವ ಕಡೆಗೆ ಕೂಡ್ತಾವೆ ನೋಡಿದ್ರೆ ಸೀಳು ಎಲ್ಲಿಂದ ಶುರುವಾಗಿದೆ ಅಂತ ಸಿಗತ್ತೆ. ನಂದರಲ್ಲಿ ಪೆಡಲ್ ಕೂರೋ ತೂತಿನ ಹೊರ ಅಂಚಿಂದ.

ಅಲ್ಲಿಂದಲೇ ಯಾಕೆ ಅಂದ್ರೆ, ಪೆಡಲಿನ ಆ್ಯಕ್ಸಲ್ಲಿನ ಚಾಚು ಕ್ರ್ಯಾಂಕಿನ ಮುಖಕ್ಕೆ ಒತ್ಕೊಂಡು ಕೂರತ್ತೆ, ಪ್ರತಿ ತುಳಿತಕ್ಕೂ ಅದು ಕಣ್ಣಿಗೆ ಕಾಣದಷ್ಟು ಅಲುಗಾಡಿ ಅಲ್ಯುಮಿನಿಯಂನ ಉಜ್ಜತ್ತೆ, ಉಜ್ಜಿದ ಜಾಗಕ್ಕೆ ನಮ್ಮ ಕರಾವಳಿಯ ಉಪ್ಪು ಗಾಳಿ, ಮಳೆಗಾಲದ ನೀರು ಸೇರಿ ಸಣ್ಣ ಸಣ್ಣ ಗುಳಿ ಬೀಳ್ತವೆ. ಒಂದು ಗುಳಿ ಸಾಕು, ಅಲ್ಲಿಂದ ಸೀಳು ಶುರು. ಇನ್ನೊಂದು ವಿಷ್ಯ, ಉಕ್ಕಿಗೆ ಒಂದು ಮಿತಿ ಅಂತ ಇದೆ, ಅದರೊಳಗೆ ಎಷ್ಟು ಸಲ ಬಗ್ಗಿಸಿದ್ರೂ ತಡ್ಕೊಳ್ಳತ್ತೆ. ಅಲ್ಯುಮಿನಿಯಂಗೆ ಆ ಥರ ಮಿತಿ ಇಲ್ಲ, ಸಣ್ಣ ಭಾರಾನೂ ಲೆಕ್ಕಕ್ಕೆ ಜಮಾ ಆಗ್ತಾನೇ ಇರತ್ತೆ. ನಮ್ಮ ಅಜ್ಜಂದಿರ ಕಾಲದ ಕಪ್ಪು ಸೈಕಲ್ಲಿನ ಉಕ್ಕಿನ ಕ್ರ್ಯಾಂಕು ಸೊಟ್ಟ ಆಗ್ತಿತ್ತು, ಅದನ್ನ ಆ್ಯಕ್ಸಲ್ಲಿಗೆ ಹಿಡಿಯೋ ಬೆಣೆ, ಅಂದ್ರೆ ಕಾಟರ್ ಪಿನ್, ಸವೀತಿತ್ತು, ಸುತ್ತಿಗೆಲಿ ಬಡಿದು ಹೊಸ ಪಿನ್ ಹಾಕಿದ್ರೆ ಮುಗೀತು. ಭಾರ ಮಾತ್ರ ಸಿಕ್ಕಾಪಟ್ಟೆ.

ಅಂಗಡಿಯವರು ಎಡಗಡೆ ಕ್ರ್ಯಾಂಕ್ ಒಂದೇ ಹಾಕಿ ಕೊಡ್ತೀನಿ ಅಂದ್ರು, ಕಡಿಮೆ ಖರ್ಚಲ್ಲೂ ಆಗ್ತಿತ್ತು. ಆದ್ರೆ ಬಲಗಡೆದು ಅದೇ ವಯಸ್ಸಿಂದು, ಅಷ್ಟೇ ತುಳಿತ ತಿಂದಿದೆ, ಅದೇ ಉಪ್ಪು ಕುಡಿದಿದೆ. ಹಾಗಾಗಿ ಅದನ್ನ ಬಿಚ್ಚಿ ಹಳೇ ವರ್ಕ್‌ಶಾಪಿನ ಪರೀಕ್ಷೆ ಮಾಡಿದೆ. ಚೆನ್ನಾಗಿ ತೊಳೆದು ಒಣಗಿಸಿ ಒಂದು ರಾತ್ರಿ ಡೀಸೆಲ್‌ನಲ್ಲಿ ಮುಳುಗಿಸಿ ಇಟ್ಟೆ (ಸೀಮೆಎಣ್ಣೆ ಇನ್ನೂ ಒಳ್ಳೇದು, ಈಗ ಎಲ್ಲಿ ಸಿಗತ್ತೆ), ಬೆಳಿಗ್ಗೆ ಬಟ್ಟೆಲಿ ಪೂರ್ತಿ ಒರೆಸಿ ಶಾಲೆ ಸೀಮೆಸುಣ್ಣದ ಪುಡಿನ ತೆಳ್ಳಗೆ ಬಳಿದೆ. ಸೀಳು ಇದ್ರೆ ಒಳಗೆ ಕೂತಿರೋ ಎಣ್ಣೆ ನಿಧಾನಕ್ಕೆ ಹೊರಗೆ ಬಂದು ಸುಣ್ಣದ ಮೇಲೆ ಒದ್ದೆ ಗೆರೆ ಮೂಡಸತ್ತೆ. ಪೆಡಲ್ ತೂತಿನ ಹತ್ರ ಏನೂ ಬರಲಿಲ್ಲ. ಚೈನ್‌ವೀಲ್ (ಮುಂದಿನ ಹಲ್ಲಿನ ಚಕ್ರ) ಹಿಡಿಯೋ ಕೈಗಳಲ್ಲಿ ಒಂದು ಮುಖ್ಯ ದಂಡಕ್ಕೆ ಸೇರೋ ಮೂಲೇಲಿ ಮಾತ್ರ ಕೂದಲಷ್ಟು ತೆಳ್ಳಗಿನ ಗೆರೆ ಬಂತು. ಒರೆಸಿ ಮತ್ತೆ ಬಳಿದ್ರೆ ಮತ್ತೆ ಅದೇ ಜಾಗ. ಅಲ್ಲಿಗೆ ಪೂರ್ತಿ ಸೆಟ್ಟೇ ಬದಲಾಯಿಸೋದು ಅಂತ ಗಟ್ಟಿಯಾಯ್ತು.

ಪೆಡಲ್ ಚೆನ್ನಾಗಿತ್ತು, ಬಿಸಾಡೋಕೆ ಮನಸ್ಸಾಗ್ಲಿಲ್ಲ. ಬಲಗಡೆದು ಹೇಗೋ ಬಂತು, ಎಡಗಡೆದು ಮುರಿದ ತುಂಡಲ್ಲಿ ಉಪ್ಪು ಹಿಡಿದು ಅಂಟ್ಕೊಂಡಿತ್ತು, ತುಂಡನ್ನ ವೈಸ್‌ಗೆ ಕಚ್ಚಿಸಿ ಕೊತಕೊತ ಕುದಿಯೋ ನೀರು ಸುರಿದೆ. ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗತ್ತೆ, ಸ್ಪ್ಯಾನರಿಗೆ ಬಂತು. ಎಡ ಪೆಡಲ್ಲಿಗೆ ಉಲ್ಟಾ ಥ್ರೆಡ್, ಬಿಚ್ಚೋಕೆ ಬಲಕ್ಕೆ ತಿರುಗಿಸ್ಬೇಕು.

ಈಗ ಹೊಸದು ಯಾವುದು ಅನ್ನೋದು. ಕ್ರ್ಯಾಂಕ್ ನೋಡೋ ಮೊದಲು ಸೈಕಲ್ ನೋಡ್ಬೇಕು, ಇದು ನನ್ನ ಪಕ್ಕಾ ಅಭಿಪ್ರಾಯ. ಆನ್‌ಲೈನಲ್ಲಿ ಚಂದ ಕಾಣೋ ಕ್ರ್ಯಾಂಕ್ ತರ್ಸಿ ಆಮೇಲೆ ಬಿಬಿಗೆ (ಬಾಟಮ್ ಬ್ರಾಕೆಟ್, ಕ್ರ್ಯಾಂಕಿನ ಆ್ಯಕ್ಸಲ್ಲು ಬೇರಿಂಗು ಇರೋ ಭಾಗ) ಕೂರಲ್ಲ ಅಂತ ತಲೆ ಕೆಡಿಸ್ಕೊಳ್ಳೋರು ಬಹಳ. ನನ್ನ ಫ್ರೇಮಿನ ಬಿಬಿ ಕೊಳವೆ ಅಗಲ 68 ಮಿಮೀ, ಇಂಗ್ಲಿಷ್ ಥ್ರೆಡ್ಡು, ಆ್ಯಕ್ಸಲ್ ಚೌಕ ತುದಿದು, ಉದ್ದ 122.5. ಹಳೇ ಕ್ರ್ಯಾಂಕಿಗೆ 48-38-28 ಹಲ್ಲಿನ ಮೂರು ಚೈನ್‌ವೀಲ್, ಅವಕ್ಕೆ ರಿವೆಟ್ ಹೊಡೆದಿದ್ದು, ಸವೆದ್ರೆ ಒಂದೊಂದಾಗಿ ಬದಲಾಯಿಸೋಕೆ ಬರಲ್ಲ. ಕ್ರ್ಯಾಂಕಿನ ಉದ್ದ 170 ಮಿಮೀ, ಅದು ಕ್ರ್ಯಾಂಕಿನ ಹಿಂದೆ ಪೆಡಲ್ ತೂತಿನ ಹತ್ರ ಅಚ್ಚೊತ್ತಿರತ್ತೆ.

ಒಬ್ಬ ಗೆಳೆಯ ಟೊಳ್ಳು ಆ್ಯಕ್ಸಲ್ಲಿನ ಹಾಲೋಟೆಕ್ 2 ಹಾಕು, ಹಗುರ ಇರತ್ತೆ ಅಂದ. ಹಗುರ ಹೌದು, ಬಿಚ್ಚೋದೂ ಸುಲಭ. ಆದ್ರೆ ಅದರ ಬೇರಿಂಗ್ ಫ್ರೇಮಿನ ಹೊರಗಡೆ ಕೂರತ್ತೆ, ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಲ್ಲೇ ಓಡಿಸೋ ನನಗೆ ಅದು ಬೇಡ ಅನ್ನಿಸ್ತು, ಕೆಟ್ರೆ ಕುಮಟಾದಲ್ಲಿ ಸಿಗೋದೂ ಇಲ್ಲ. ದುಬಾರಿ ಆದ್ರೆ ಮುರಿಯಲ್ಲ ಅನ್ನೋದೂ ಸುಳ್ಳು. 2023ರಲ್ಲಿ ಸೈಕಲ್ ಬಿಡಿಭಾಗ ಮಾಡೋ ಶಿಮಾನೋ ಕಂಪನಿ ತನ್ನ ದುಬಾರಿ ಡ್ಯುರಾ ಏಸ್, ಅಲ್ಟೆಗ್ರಾ ಕ್ರ್ಯಾಂಕುಗಳನ್ನೇ ಪರೀಕ್ಷೆಗೆ ವಾಪಸ್ ಕರೀತು, ಅಮೆರಿಕ ಒಂದರಲ್ಲೇ ಸುಮಾರು 6 ಲಕ್ಷ 80 ಸಾವಿರ. ಅಲ್ಲಿ ಕಾರಣ ಬೇರೆ, ಎರಡು ಹೋಳನ್ನ ಅಂಟಿಸಿ ಮಾಡಿದ ಟೊಳ್ಳು ಕ್ರ್ಯಾಂಕು, ಆ ಅಂಟು ಬಿಡ್ತಿತ್ತು. ಒಂದೇ ತುಂಡಲ್ಲಿ ಫೋರ್ಜ್ ಮಾಡಿದ್ದಕ್ಕೆ (ಲೋಹನ ಒತ್ತಿ ರೂಪ ಕೊಟ್ಟಿದ್ದಕ್ಕೆ) ಆ ಕಾಟ ಇಲ್ಲ.

ಕೊನೆಗೆ ತಗೊಂಡಿದ್ದು ಚೌಕ ತೂತಿಂದೇ, ಫೋರ್ಜ್ಡ್ ಅಲಾಯ್, 44-32-22, ಚೈನ್‌ವೀಲ್‌ಗಳು ಬೋಲ್ಟಲ್ಲಿ ಕೂರೋದು. ಹುಬ್ಬಳ್ಳಿಲಿ ಸಿಕ್ತು. ಅದಕ್ಕೆ 113 ಆ್ಯಕ್ಸಲ್ ಬೇಕು ಅಂತ ಬರ್ದಿತ್ತು, ಹಳೇ 122.5ಕ್ಕೆ ಹಾಕಿದ್ರೆ ಚೈನ್‌ವೀಲ್ ಸುಮಾರು 5 ಮಿಮೀ ಹೊರಗೆ ಹೋಗಿ ಗೇರ್ ಸರಿಯಾಗಿ ಬೀಳಲ್ಲ, ಅದಕ್ಕೇ 68-113ರ ಸೀಲ್ಡ್ ಬಿಬಿನೂ ತಂದೆ. ಚೌಕದಲ್ಲೂ ಎರಡು ಜಾತಿ, ಜೆಐಎಸ್ (ಜಪಾನಿನ ಅಳತೆ) ಮತ್ತೆ ಐಎಸ್‌ಒ (ಅಂತರರಾಷ್ಟ್ರೀಯ ಅಳತೆ), ಇಳಿಜಾರು ಒಂದೇ ಆದ್ರೂ ತುದಿಯ ಅಳತೆ ಬೇರೆ, ಐಎಸ್‌ಒ ಕ್ರ್ಯಾಂಕನ್ನ ಜೆಐಎಸ್ ಆ್ಯಕ್ಸಲ್ಲಿಗೆ ಹಾಕಿದ್ರೆ ಪೂರ್ತಿ ಒಳಗೆ ಹೋಗಲ್ಲ. ನಮ್ಮ ಕಡೆ ಸಿಗೋದು ಬಹುಪಾಲು ಜೆಐಎಸ್, ಆದ್ರೂ ಕೇಳಿ ತಗೊಳ್ಳೋದು ವಾಸಿ.

48 ಹಲ್ಲು ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಹಿಂದಿನ ಚಕ್ರದ ಗೇರ್‌ಗಳಿಗೆ 14ರಿಂದ 28 ಹಲ್ಲು ಇದೆ, 44-14ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದ್ರೂ ಗಂಟೆಗೆ 32 ಕಿಮೀ ಮೇಲೆ ಹೋಗತ್ತೆ, ಹೈವೇಲಿ ಅದಕ್ಕಿಂತ ಜೋರು ನಾನು ಹೋಗೋದೂ ಇಲ್ಲ. ಘಟ್ಟದಲ್ಲಿ ವ್ಯತ್ಯಾಸ ದೊಡ್ಡದು. ಮೊದಲು ಎಲ್ಲಕ್ಕಿಂತ ಹಗುರದ ಗೇರ್ ಅಂದ್ರೆ 28ಕ್ಕೆ 28, ಒಂದು ಸುತ್ತು ತುಳಿದ್ರೆ ಚಕ್ರವೂ ಒಂದು ಸುತ್ತು. ಈಗ 22ಕ್ಕೆ 28, ಚಕ್ರ ಮುಕ್ಕಾಲು ಸುತ್ತಿಗಿಂತ ಚೂರು ಹೆಚ್ಚು. ನಿಮಿಷಕ್ಕೆ 60 ಸುತ್ತಿನ ಲೆಕ್ಕದಲ್ಲಿ ಗಂಟೆಗೆ 6 ಕಿಮೀ, ಎದ್ದು ನಿಂತು ತುಳಿಯೋ ಕೆಲಸ ಇಲ್ಲ, ಕ್ರ್ಯಾಂಕಿಗೂ ಭಾರ ಕಡಿಮೆ.

ಹಾಕೋವಾಗ ಕಷ್ಟ ಆಗಿದ್ದು ಹಳೇ ಬಿಬಿ ತೆಗೆಯೋದೇ. ಅದರ ಬಲಗಡೆ ಕಪ್‌ಗೂ (ಬೇರಿಂಗ್ ಹಿಡಿಯೋ ಬಟ್ಟಲು) ಉಲ್ಟಾ ಥ್ರೆಡ್ಡು, ತುಕ್ಕು ಬಿಡ್ಸೋ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟು, ಬೆಳಿಗ್ಗೆ ಸ್ಪ್ಯಾನರಿಗೆ ಪೈಪ್ ಸಿಗಿಸಿ ಇಬ್ಬರು ಎಳೆದ ಮೇಲೆ ಬಂತು. ಥ್ರೆಡ್‌ಗೆ ಧಾರಾಳ ಗ್ರೀಸ್ ಬಳಿದು ಹೊಸದು ಕೂರಿಸಿದ್ವಿ. ಕ್ರ್ಯಾಂಕ್ ಬೋಲ್ಟಿಗೆ ಕಾರ್ ಗ್ಯಾರೇಜಿಂದ ಟಾರ್ಕ್ ರೆಂಚ್ ತಂದು 40 ನ್ಯೂಟನ್ ಮೀಟರ್ ಕೊಟ್ಟೆ, ಕಡಿಮೆ ಆದ್ರೆ ಕ್ರ್ಯಾಂಕ್ ಅಲ್ಲಾಡಿ ಚೌಕ ತೂತು ದುಂಡಗಾಗಿ ಹೋಗತ್ತೆ, ಆಮೇಲೆ ಡಬ್ಬಿ ತಗಡು ತುರುಕಿದ್ರೂ ನಿಲ್ಲಲ್ಲ. ಮೊದಲ ಸಣ್ಣ ಸುತ್ತು ಮುಗಿಸಿ ಬಂದು ಒಮ್ಮೆ ಅದೇ 40ಕ್ಕೆ ನೋಡಿದೆ, ಅಷ್ಟೇ. ದಿನಾ ಬಿಗಿ ಮಾಡ್ತಾ ಕೂತ್ರೆ ಕ್ರ್ಯಾಂಕ್ ಇನ್ನೂ ಇನ್ನೂ ಒಳಗೆ ಹೋಗಿ ಚೌಕದ ಮೂಲೇಲೇ ಸೀಳತ್ತೆ. ಚೈನಲ್ಲಿ ಒಂದು ಇಂಚು ತೆಗೆದು, ಚೈನನ್ನ ಅತ್ತಿತ್ತ ಸರಿಸೋ ಮುಂದಿನ ಡಿರೇಲರ್‌ನ 44ರ ಹಲ್ಲಿಗೆ 2 ಮಿಮೀ ಬಿಟ್ಟು ಕೆಳಗಿಳಿಸಿದೆ.

ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪೆಡಲ್ ಬಿಚ್ಚಿ ಗ್ರೀಸ್ ಹಾಕ್ತೀನಿ, ಆಗ್ಲೇ ತೂತಿನ ಸುತ್ತ ಟಾರ್ಚ್ ಬಿಟ್ಟು ನೋಡಿಬಿಡೋದು. ಪೆಡಲ್ ಮತ್ತೆ ಕ್ರ್ಯಾಂಕ್ ನಡುವೆ ತೆಳ್ಳಗಿನ ಸ್ಟೀಲ್ ವಾಷರ್ ಹಾಕಿದ್ದೀನಿ, ಉಜ್ಜೋದು ವಾಷರಿಗೆ ಆಗ್ಲಿ ಅಂತ. ಹೊಸ ಕ್ರ್ಯಾಂಕಿನ ಆ ಮುಖ ಈ ಮಳೆಗಾಲ ಮುಗಿದ ಮೇಲೂ ನುಣ್ಣಗೇ ಇತ್ತು.